ದಿವಾನ್ ಪೂರ್ಣಯ್ಯನವರೂ ಸಿಡುಬಿನ ದಾಕೂ

ಮೈಸೂರಿನ ಚರಿತ್ರೆಯನ್ನು ಅಷ್ಟಿಷ್ಟು ಬಲ್ಲವರಿಗೂ ದಿವಾನ್ ಪೂರ್ಣಯ್ಯನವರ ಹೆಸರು ಹೊಸದಲ್ಲ. ಹೈದರಾಲಿ, ಟಿಪ್ಪು ಸುಲ್ತಾನ, ಮುಮ್ಮಡಿ ಕೃಷ್ಣರಾಜ ಒಡೆಯರು, ಹೀಗೆ ಒಂದರ ಹಿಂದೊಂದು ಬಂದ ಮೂರು ಆಳ್ವಿಕೆಗಳಲ್ಲಿ ಅವರು ಅಧಿಕಾರದ ಸಮೀಪದಲ್ಲಿಯೇ ಇದ್ದರು. ಮೊದಲಿನ ಇಬ್ಬರಿಗೆ ಶತ್ರುಗಳಾಗಿದ್ದವರು ಮೂರನೆಯವರಿಗೆ ಆಶ್ರಯದಾತರಾದರು. ಆದರೂ ಮಂತ್ರಿಯ ಆಸನ ಪೂರ್ಣಯ್ಯನವರ ಕೈತಪ್ಪಲಿಲ್ಲ. ಇದನ್ನು ಕಂಡು ಅವರನ್ನು ಆಡಳಿತ ನಿಪುಣರೆಂದು ಕೊಂಡಾಡಿದವರುಂಟು. ಗಾಳಿ ಬಂದ ಕಡೆ ತೂರಿಕೊಂಡವರೆಂದು ಹಳಿದವರೂ ಉಂಟು. ಈ ಎರಡು ಮಾತುಗಳೂ ಇನ್ನೂರು ವರ್ಷಗಳಿಂದ ಕೇಳಿಬರುತ್ತಲೇ ಇವೆ.

ಆ ವ್ಯಾಜ್ಯವನ್ನು ತೀರ್ಮಾನಿಸುವುದು ಈ ಲೇಖನದ ಉದ್ದೇಶವಲ್ಲ. ಅವರ ದಿವಾನಗಿರಿಯ ಕಾಲದಲ್ಲಿ ನಡೆದ, ದೊಡ್ಡ ಚರಿತ್ರೆಗಳಲ್ಲಿ ಹೆಚ್ಚಾಗಿ ಒಂದು ಸಾಲಿನ ಜಾಗವನ್ನೂ ಪಡೆಯದ ಒಂದು ಸಂಗತಿಯ ಬೆಳಕಿನಲ್ಲಿ ಅವರ ಜೀವಿತವನ್ನು ನೋಡುವುದು ಇಲ್ಲಿಯ ಪ್ರಯತ್ನ. ಹಳಬರು ದೇವಿ ಹಾಕಿಸುವುದು, ದಾಕು ಹಾಕಿಸುವುದು ಎನ್ನುತ್ತಿದ್ದರಲ್ಲ, ಆ ಸಿಡುಬಿನ ದಾಕು ಮೈಸೂರಿನ ಅರಮನೆಯನ್ನು ಪ್ರವೇಶಿಸಿದ್ದು ಅವರ ಕಾಲದಲ್ಲಿ. ಅಂದಿನ ನಾಡು ಎರಡು ಪಕ್ಷಗಳಾಗಿ ಒಡೆದಿತ್ತು. ಒಡೆದ ನಾಡಿನಲ್ಲಿ ಜನರ ಆರೋಗ್ಯದ ಕೆಲಸ ಹೇಗೆ ನಡೆಯುತ್ತದೆ, ಹೇಗೆ ಕೆಡುತ್ತದೆ ಎಂಬ ಪ್ರಶ್ನೆಗೆ ಈ ಸಂಗತಿ ತನ್ನದೇ ಆದ ಉತ್ತರವನ್ನು ಕೊಡುತ್ತದೆ.

ಯಳಂದೂರಿನ ಬಳೇಮಂಟಪವನ್ನು ನೋಡಲು ಹೋದವರಿಗೆ ಅಲ್ಲಿಯ ಜಹಗೀರುದಾರರ ಬಂಗಲೆಯನ್ನೂ ಊರಿನವರು ತೋರಿಸುತ್ತಾರೆ. ಒಂದು ಕಡೆ ಬಿಳಿಗಿರಿರಂಗನ ಬೆಟ್ಟ, ನಡುವೆ ಸುವರ್ಣಾವತಿಯ ಗದ್ದೆಬಯಲು, ಪೂರ್ವಕ್ಕೆ ಕೊಳ್ಳೇಗಾಲ, ಅದರಾಚೆ ಮಲೆಮಹದೇಶ್ವರನ ಬೆಟ್ಟದ ದಾರಿಯಲ್ಲಿ ಹನೂರು. ಇಂದು ಇವೆಲ್ಲ ಚಾಮರಾಜನಗರ ಜಿಲ್ಲೆಗೆ ಸೇರಿದ ತಾಲ್ಲೂಕುಗಳು. ಪೂರ್ಣಯ್ಯನವರ ಕಾಲದಲ್ಲಿ ಹಾಗಿರಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ರಾಜ್ಯವನ್ನು ಗೆದ್ದವರು ಹಂಚಿಕೊಂಡಾಗ ಕೊಯಮತ್ತೂರು ಸೀಮೆ ಕುಂಪಣಿಯ ಪಾಲಾಯಿತು. ಆ ಸೀಮೆಗೆ ಸೇರಿದ ಕೊಳ್ಳೇಗಾಲ, ಹನೂರುಗಳು ಮದರಾಸಿನ ಆಡಳಿತಕ್ಕೆ ಹೋದವು. ಯಳಂದೂರು ಮೈಸೂರಿನಲ್ಲಿ ಉಳಿಯಿತು. ಒಂದೇ ಮಾತನ್ನಾಡುವ, ಒಂದೇ ಜಾತ್ರೆಗೆ ನಡೆಯುವ, ಹೆಣ್ಣು ಕೊಟ್ಟು ತರುವ ಜನರ ನಡುವೆ ಎರಡು ಸರ್ಕಾರಗಳ ಗಡಿ ಬಿದ್ದಿತು. 1956ರ ನವೆಂಬರಿನಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ, ಅಂದರೆ ನೂರೈವತ್ತು ವರ್ಷಗಳಿಗೂ ಮೀರಿ, ಆ ಗಡಿ ಹಾಗೆಯೇ ಇತ್ತು. ಜನರು ಆ ಗಡಿಯನ್ನು ಅರಿತಿದ್ದರು, ಸಿಡುಬು ಅರಿತಿರಲಿಲ್ಲ.

ಪೂರ್ಣಯ್ಯನವರು ಹುಟ್ಟಿದ್ದು 1746ರಲ್ಲಿ, ಅದೇ ಕೊಯಮತ್ತೂರು ಸೀಮೆಯ ತಿರುಕ್ಕಂಬೂರಿನಲ್ಲಿ, ಒಂದು ಬಡ ಮಾಧ್ವ ಬ್ರಾಹ್ಮಣ ಕುಟುಂಬದಲ್ಲಿ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗ ಹೊಟ್ಟೆಪಾಡಿಗಾಗಿ ವರ್ತಕರ ಅಂಗಡಿಯಲ್ಲಿ ಲೆಕ್ಕ ಬರೆಯಲು ಸೇರಿದ. ಹೈದರಾಲಿಯ ದಂಡಿಗೆ ಸಾಮಾನು ಒದಗಿಸುತ್ತಿದ್ದ ಅನ್ನದಾನಶೆಟ್ಟಿಯ ವ್ಯವಹಾರದ ಮೂಲಕ ಈ ಲೆಕ್ಕಿಗನ ಚುರುಕು ನವಾಬನ ಕಣ್ಣಿಗೆ ಬಿದ್ದಿತು. ಓದು ಬರೆಹ ಬಾರದ ಹೈದರಾಲಿಗೆ ಮನುಷ್ಯರನ್ನು ಓದುವ ಬಲ್ಮೆಯಿತ್ತು. ಲೆಕ್ಕದ ಮನೆಗೆ ಬಂದ ತರುಣ ಕೆಲವೇ ವರ್ಷಗಳಲ್ಲಿ ಆ ಇಲಾಖೆಯ ಮುಖ್ಯಸ್ಥನಾದ. ಲೆಕ್ಕವನ್ನು ಬಾಯಲ್ಲಿಯೇ ಒಪ್ಪಿಸುವ ನೆನಪು, ಕನ್ನಡ, ಸಂಸ್ಕೃತ, ಪಾರಸಿಗಳ ತಿಳಿವಳಿಕೆ, ಗುಟ್ಟನ್ನು ಗುಟ್ಟಾಗಿಯೇ ಇಡುವ ಗಾಂಭೀರ್ಯ ಅವರ ಬಂಡವಾಳವಾಗಿದ್ದವು.

ಆ ಗಾಂಭೀರ್ಯದ ಪರೀಕ್ಷೆ 1782ರ ಡಿಸೆಂಬರಿನಲ್ಲಿ ನಡೆಯಿತು. ಇಂಗ್ಲಿಷರೊಡನೆ ಯುದ್ಧ ನಡೆದಿರುವಾಗಲೇ ಚಿತ್ತೂರಿನ ಬಳಿಯ ಪಾಳೆಯದಲ್ಲಿ ಹೈದರಾಲಿ ತೀರಿಕೊಂಡ. ಟಿಪ್ಪು ದೂರದ ಮಲೆಯಾಳದಲ್ಲಿದ್ದ. ಸುದ್ದಿ ಹೊರಬಿದ್ದರೆ ದಂಡು ಚೆದರುವ ಭಯ. ಪೂರ್ಣಯ್ಯನವರೂ ಅವರ ಜೊತೆಗಾರರಾದ ಕೃಷ್ಣರಾಯರೂ ಮರಣದ ವಾರ್ತೆಯನ್ನು ಮುಚ್ಚಿಟ್ಟು, ಶರೀರವನ್ನು ಪೆಟ್ಟಿಗೆಯಲ್ಲಿರಿಸಿ ಗುಟ್ಟಾಗಿ ಕೋಲಾರಕ್ಕೆ ಕಳುಹಿಸಿದರು. ಟಿಪ್ಪು ಬಂದು ಸೇರುವವರೆಗೆ ದಿನದ ಆಡಳಿತ ಎಂದಿನಂತೆ ನಡೆಯಿತು. ಹೊಸ ಸುಲ್ತಾನ ಈ ಉಪಕಾರವನ್ನು ಮರೆಯಲಿಲ್ಲ. ಮುಂದಿನ ಹದಿನೇಳು ವರ್ಷ ಪೂರ್ಣಯ್ಯನವರು ಅವನ ಖಜಾನೆಯ ಹೊಣೆಯನ್ನು ಹೊತ್ತರು. ಯುದ್ಧ ಬಂದಾಗ ದಂಡಿನ ಜೊತೆಗೂ ನಡೆದರು.

ಇದೇ ಹದಿನೇಳು ವರ್ಷಗಳಲ್ಲಿ ಇನ್ನೊಂದು ಪಕ್ಷ ಮೈಸೂರಿನಲ್ಲಿ ಉಸಿರು ಬಿಗಿಹಿಡಿದು ಬದುಕುತ್ತಿತ್ತು. ಇಮ್ಮಡಿ ಕೃಷ್ಣರಾಜ ಒಡೆಯರ ವಿಧವೆ ರಾಣಿ ಲಕ್ಷ್ಮಮ್ಮಣ್ಣಿಯವರು ಕೈತಪ್ಪಿದ ಸಿಂಹಾಸನವನ್ನು ಮರಳಿ ಪಡೆಯಲು ಪ್ರಧಾನ್ ತಿರುಮಲರಾಯರ ಮೂಲಕ ಕುಂಪಣಿಯವರೊಡನೆ ಗುಟ್ಟಿನ ಮಾತುಕತೆ ನಡೆಸುತ್ತಿದ್ದರು. 1782ರಲ್ಲಿ ಅವರ ಪರವಾಗಿ ಒಂದು ಒಪ್ಪಂದವೂ ಆಗಿತ್ತು. ಪೂರ್ಣಯ್ಯನವರು ಸುಲ್ತಾನನ ಬೊಕ್ಕಸವನ್ನು ತುಂಬುತ್ತಿದ್ದಾಗ ಈ ಹೆಣ್ಣುಮಗಳು ಸುಲ್ತಾನನ ಪತನಕ್ಕಾಗಿ ದಿನ ಎಣಿಸುತ್ತಿದ್ದರು. ಇವರಿಬ್ಬರೂ ಮುಂದೊಂದು ದಿನ ಒಂದೇ ಚಾವಣಿಯ ಕೆಳಗೆ ಒಂದೇ ಮಗುವಿನ ಪಾಲಕರಾಗುವರೆಂದು ಅಂದು ಯಾರೂ ಊಹಿಸಿರಲಾರರು.

ಆ ಮಗುವಿನ ಕತೆಯಲ್ಲಿಯೇ ಸಿಡುಬು ನಮ್ಮ ಕಥನವನ್ನು ಪ್ರವೇಶಿಸುತ್ತದೆ. 1796ರಲ್ಲಿ ಹೆಸರಿಗೆ ಮಾತ್ರ ದೊರೆಯಾಗಿದ್ದ ಚಾಮರಾಜ ಒಡೆಯರು ಸಿಡುಬಿನಿಂದ ತೀರಿಕೊಂಡರು. ಟಿಪ್ಪು ಅವರ ಜಾಗಕ್ಕೆ ಇನ್ನೊಬ್ಬರನ್ನು ಕೂರಿಸಲಿಲ್ಲ. ರಾಜಕುಟುಂಬವನ್ನು ಅರಮನೆಯಿಂದ ಹೊರಡಿಸಿ, ಇದ್ದುದನ್ನು ಕಿತ್ತುಕೊಂಡು, ಒಂದು ಬಡಮನೆಯಲ್ಲಿ ಇರಿಸಲಾಯಿತು. ತೀರಿಕೊಂಡವರ ಮಗನಿಗೆ ಆಗ ಎರಡು ವರ್ಷ. ಅವನೇ ಮುಮ್ಮಡಿ ಕೃಷ್ಣರಾಜ. ಒಂದೇ ರೋಗ ಆ ಮನೆಯಿಂದ ತಂದೆಯನ್ನೂ, ಉಳಿದಿದ್ದ ರಾಜಮರ್ಯಾದೆಯನ್ನೂ ಒಟ್ಟಿಗೆ ತೆಗೆದುಕೊಂಡು ಹೋಗಿತ್ತು. ಇದನ್ನು ನೆನಪಿಟ್ಟುಕೊಂಡರೆ ಹತ್ತು ವರ್ಷಗಳ ಅನಂತರ ಆ ಮನೆ ಮಾಡಿದ ನಿರ್ಧಾರ ನಮಗೆ ಅರ್ಥವಾಗುತ್ತದೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಟಿಪ್ಪು ಕೋಟೆಯಲ್ಲಿ ಹೋರಾಡುತ್ತಲೇ ಮಡಿದ. ಶರಣಾದ ಪೂರ್ಣಯ್ಯನವರು ಮೊದಲು ಸೂಚಿಸಿದ್ದು ಟಿಪ್ಪುವಿನ ಹಿರಿಯ ಮಗ ಫತೇ ಹೈದರನಿಗೆ ಪಟ್ಟ ಕಟ್ಟಬೇಕೆಂದು. ಗಾಳಿ ಬಂದ ಕಡೆ ತೂರಿಕೊಂಡರೆನ್ನುವವರು ಈ ಅಂಶವನ್ನು ಗಮನಿಸಬೇಕು. ಕುಂಪಣಿ ಒಪ್ಪಲಿಲ್ಲ. ಐದು ವರ್ಷದ ಕೃಷ್ಣರಾಜನಿಗೆ ಜೂನ್ 30ರಂದು ಮೈಸೂರಿನಲ್ಲಿ ಪಟ್ಟವಾಯಿತು. ದಿವಾನಗಿರಿ ತಮಗೆ ಬರುವುದೆಂದು ಕಾದಿದ್ದವರು ರಾಣಿಯ ಕಡೆಯ ತಿರುಮಲರಾಯರು. ಆದರೆ ದೇಶದ ಕಂದಾಯ, ಲೆಕ್ಕ, ಜನ ಇವನ್ನೆಲ್ಲ ಅಂಗೈಯಲ್ಲಿಟ್ಟುಕೊಂಡಿದ್ದವರು ಸುಲ್ತಾನನ ಮಂತ್ರಿ. ಕುಂಪಣಿ ಅವರನ್ನೇ ಆರಿಸಿತು. ಹೀಗೆ ರಾಣಿಯ ಮನೆತನವನ್ನು ಮೂಲೆಗೊತ್ತಿದವರ ಮಂತ್ರಿಯೇ ಆ ಮನೆತನದ ದಿವಾನರಾದರು.

ಅಂದಿನ ಜನರ ಮನಸ್ಸನ್ನು ಊಹಿಸಿಕೊಳ್ಳಬೇಕು. ಸುಲ್ತಾನನ ಉಪ್ಪನ್ನುಂಡ ಸಾವಿರಾರು ಸಿಪಾಯಿಗಳು ಕೆಲಸವಿಲ್ಲದೆ ಹಳ್ಳಿಗಳಿಗೆ ಮರಳಿದ್ದರು. ಧೋಂಡಿಯ ವಾಘ ಅವರಲ್ಲಿ ಅನೇಕರನ್ನು ಕೂಡಿಸಿಕೊಂಡು ಎದ್ದು, 1800ರಲ್ಲಿ ಕುಂಪಣಿಯ ದಂಡಿಗೆ ಸಿಕ್ಕಿ ಸತ್ತ. ಪಾಳೆಯಗಾರರ ಕಡೆಯವರು ಹಳೆಯ ಹಕ್ಕುಗಳನ್ನು ನೆನೆದು ಕುದಿಯುತ್ತಿದ್ದರು. ಇನ್ನೊಂದು ಕಡೆ, ಒಡೆಯರ ಮನೆತನ ಮರಳಿ ಬಂದಿತೆಂದು ನಲಿದವರೂ, ಕುಂಪಣಿಯ ನೆರಳಿನಲ್ಲಿ ಲಾಭ ಕಂಡವರೂ ಇದ್ದರು. ಯಾವ ಹೊಸ ಕಟ್ಟಳೆ ಬಂದರೂ ಅದು ಯಾರ ಪಕ್ಷದ್ದು ಎಂಬುದೇ ಮೊದಲ ಪ್ರಶ್ನೆ. ಅದು ಒಳ್ಳೆಯದೋ ಕೆಟ್ಟದ್ದೋ ಎಂಬುದು ಆಮೇಲಿನ ಮಾತು.

ಪೂರ್ಣಯ್ಯನವರು ಈ ಒಡಕನ್ನು ಬಲ್ಲವರಾಗಿದ್ದರು; ಏಕೆಂದರೆ ಅದು ಅವರ ಜೀವಿತದ ನಡುವೆಯೇ ಹಾದುಹೋಗಿತ್ತು. ಕಂದಾಚಾರದ ಪಡೆಯನ್ನು ಉಳಿಸಿಕೊಂಡು, ಹಳ್ಳಿಗಳ ಕಾದಾಳುಗಳಿಗೆ ಜೀವನೋಪಾಯ ಕಲ್ಪಿಸಿದರು. ಹಳೆಯ ಸವಾರರಲ್ಲಿ ಅನೇಕರಿಗೆ ಮೈಸೂರಿನ ಸಿಲ್ಲೇದಾರ ದಂಡಿನಲ್ಲಿ ಜಾಗ ದೊರೆಯಿತು. ಒಡೆದ ಕೆರೆಕಟ್ಟೆಗಳನ್ನು ಕಟ್ಟಿಸಿದರು. 1804ರಲ್ಲಿ ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಲ್ಲಿನ ಸೇತುವೆ ಹಾಕಿಸಿದರು. ಸೋತವರನ್ನು ಸೋತವರೆಂದು ದೂರವಿಡದೆ ಕೆಲಸಕ್ಕೆ ಹಚ್ಚುವುದು ಅವರ ಆಡಳಿತದ ಗುಟ್ಟು. ಅವರಿಗೂ ಲಕ್ಷ್ಮಮ್ಮಣ್ಣಿಯವರಿಗೂ ಸ್ನೇಹವಿತ್ತೆಂದು ಹೇಳಲಾಗದು; ಆದರೆ ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟರೆ ನಡೆಯದೆಂಬುದನ್ನು ತಿಳಿದುಕೊಂಡಿದ್ದರು.

ಈ ಹೊತ್ತಿಗೆ ಇಂಗ್ಲೆಂಡಿನಿಂದ ಒಂದು ಹೊಸ ಚಿಕಿತ್ಸೆ ಲೋಕಸಂಚಾರಕ್ಕೆ ಹೊರಟಿತ್ತು. ಹಸುವಿನ ಕೆಚ್ಚಲಿನ ಮೇಲೆ ಏಳುವ ಗುಳ್ಳೆಯ ರಸವನ್ನು ಮನುಷ್ಯನ ತೋಳಿಗೆ ಸೋಕಿಸಿದರೆ ಸಿಡುಬು ಮುಟ್ಟುವುದಿಲ್ಲವೆಂದು ಎಡ್ವರ್ಡ್ ಜೆನ್ನರ್ 1796ರಲ್ಲಿ ಪ್ರಯೋಗ ಮಾಡಿ, 1798ರಲ್ಲಿ ಪ್ರಕಟಿಸಿದ. ಆದರೆ ಆ ರಸವನ್ನು ಭಾರತಕ್ಕೆ ತರುವುದು ಹೇಗೆ? ದಾರಕ್ಕೆ ಅದ್ದಿ ಒಣಗಿಸಿ ಕಳುಹಿಸಿದರೆ ಬಿಸಿಲಿನ ಹಾದಿಯಲ್ಲಿ ಅದರ ಸತ್ವ ಹೋಗುತ್ತಿತ್ತು. ವಿಯೆನ್ನಾ ನಗರದ ವೈದ್ಯ ಝಾನ್ ದ ಕಾರೋ ಎಂಬಾತನ ಪ್ರಯತ್ನದಿಂದ ಅದು ಕಾನ್‌ಸ್ಟಾಂಟಿನೋಪಲ್, ಬಾಗ್ದಾದು, ಬಸ್ರಾಗಳ ದಾರಿಯಾಗಿ ಮುಂಬಯಿ ಮುಟ್ಟಿತು. 1802ರ ಜೂನ್ 14ರಂದು ಅಲ್ಲಿ ಅನ್ನಾ ಡಸ್ಟಹಾಲ್ ಎಂಬ ಮೂರು ವರ್ಷದ ಮಗುವಿನ ತೋಳಿನಲ್ಲಿ ದಾಕು ಮೇಲೆದ್ದಿತು. ಅಲ್ಲಿಂದ ಮುಂದೆ ಅದರ ಪಯಣ ತೋಳಿನಿಂದ ತೋಳಿಗೆ. ದಾಕು ಹಾಕಿದ ಎಂಟನೆಯ ದಿನದ ಸುಮಾರಿಗೆ ಮಗುವಿನ ತೋಳಿನ ಗುಳ್ಳೆ ತಿಳಿರಸದಿಂದ ತುಂಬಿಕೊಳ್ಳುತ್ತದೆ. ಅದನ್ನು ಬಿಚ್ಚಿ ಆ ರಸವನ್ನು ಮತ್ತೊಂದು ಮಗುವಿಗೆ ಹಾಕಬೇಕು. ನಡುವೆ ಒಂದು ಕೊಂಡಿ ಕಳಚಿದರೆ ಆ ಪ್ರಾಂತಕ್ಕೆ ದಾಕೇ ಇಲ್ಲ. ಹೈದರಾಬಾದು, ಕೊಚ್ಚಿ, ತಲಚೇರಿ, ಚೆಂಗಲ್ಪಟ್ಟು, ಮದರಾಸುಗಳನ್ನು ಮುಟ್ಟಿದ ಈ ಸರಪಳಿಯ ಒಂದು ಕೊಂಡಿ ಮೈಸೂರಿಗೂ ಬಂದಿತು.

ನಮ್ಮ ಜನರಿಗೆ ಇದನ್ನು ಒಪ್ಪುವುದು ಸುಲಭವಾಗಿರಲಿಲ್ಲ. ಅದಕ್ಕೆ ಕಾರಣ ಬರಿಯ ಮೂಢತನವೂ ಅಲ್ಲ. ಸಿಡುಬು ಹಳ್ಳಿಗರಿಗೆ ಬರಿಯ ರೋಗವಾಗಿರಲಿಲ್ಲ; ಅಮ್ಮ ಮನೆಗೆ ಬಂದದ್ದು. ಬೇವಿನ ಸೊಪ್ಪು ಕಟ್ಟಿ, ತಂಪು ನೀಡಿ, ಹರಕೆ ಹೊತ್ತು ಅವಳನ್ನು ಶಾಂತವಾಗಿ ಕಳುಹಿಸಿಕೊಡುವುದು ಪದ್ಧತಿ. ಬಾರದ ಅಮ್ಮನನ್ನು ಕೈಯಾರೆ ಕರೆಯುವುದೆಂದರೆ ಏನು? ಯಾವ ಜಾತಿಯ ಮಗುವಿನ ತೋಳಿನ ರಸ ಯಾವ ಮನೆಯ ಮಗುವಿನ ಮೈಸೇರುವುದೋ ಎಂಬ ಮೈಲಿಗೆಯ ಭಯ ಬೇರೆ. ಇವೆಲ್ಲಕ್ಕೂ ಮಿಗಿಲಾಗಿ, ಇದನ್ನು ಹಿಡಿದುಕೊಂಡು ಬಂದವರು ನಿನ್ನೆಯಷ್ಟೇ ತಮ್ಮ ದೊರೆಯನ್ನು ಕೊಂದ ಕುಂಪಣಿಯ ವೈದ್ಯರು. ತಾಯಿಯೊಬ್ಬಳು ತನ್ನ ಮಗುವಿನ ತೋಳನ್ನು ಅವರ ಕೈಗೆ ಕೊಡಲು ಹಿಂಜರಿದರೆ ಅದನ್ನು ಅಜ್ಞಾನವೆಂದು ತಳ್ಳಿಹಾಕಲಾದೀತೆ?

ಮದರಾಸಿನಲ್ಲಿದ್ದ ಕುಂಪಣಿಯ ಅಧಿಕಾರಿ ಎಲ್ಲಿಸ್ ಎಂಬ ವಿದ್ವಾಂಸ ಇದಕ್ಕೊಂದು ಉಪಾಯ ಹೂಡಿದ. ದೇವಿಯೇ ಧನ್ವಂತರಿಗೆ ಪ್ರತ್ಯಕ್ಷಳಾಗಿ ಗೋವಿನಿಂದ ಬರುವ ಈ ಹೊಸ ವರವನ್ನು ತಿಳಿಸಿದಳೆಂಬಂತೆ ತಮಿಳಿನಲ್ಲಿ ಒಂದು ಕತೆಯನ್ನು ರಚಿಸಿದ. ಉದ್ದೇಶ ಒಳ್ಳೆಯದೇ ಇರಬಹುದು; ಆದರೆ ಅದು ಜನರನ್ನು ನಂಬಿಸಲು ಹೊರಟ ಕಟ್ಟುಕತೆ. ಜನರಿಗೆ ಬೇಕಾಗಿದ್ದುದು ಕತೆಯಲ್ಲ, ಸಾಕ್ಷಿ.

ಆ ಸಾಕ್ಷಿ ಮೈಸೂರಿನಲ್ಲಿ ದೊರೆಯಿತು. ಬಾಲಕ ದೊರೆಗೆ ಆಗ ಹನ್ನೆರಡರ ಪ್ರಾಯ. ಅವನ ಮದುವೆಗೆಂದು ಅರಮನೆಗೆ ಬಂದ, ಹೆಚ್ಚುಕಡಿಮೆ ಅವನದೇ ವಯಸ್ಸಿನ ದೇವಾಜಮ್ಮಣ್ಣಿಯ ತೋಳಿಗೆ ದಾಕು ಹಾಕಲಾಯಿತು. ಹಾಕಿದ್ದನ್ನು ಮುಚ್ಚಿಡದೆ ಜನರಿಗೆ ತಿಳಿಸಲಾಯಿತು. ಆ ಸುದ್ದಿಯಿಂದ ಧೈರ್ಯಗೊಂಡು ಜನ ತಾವಾಗಿ ಮುಂದೆ ಬಂದರೆಂದು 1806ರ ಜುಲೈ ತಿಂಗಳ ಕುಂಪಣಿಯ ದಾಖಲೆ ಹೇಳುತ್ತದೆ. ಅರಮನೆಯ ಒಳಗೆ ಹಿರಿಯ ರಾಣಿ ಲಕ್ಷ್ಮಮ್ಮಣ್ಣಿಯವರ ಮಾತೇ ಕಟ್ಟಳೆ, ಹೊರಗೆ ದಿವಾನರದು. ಸಿಡುಬು ಆ ಮನೆಯಲ್ಲಿ ಮಾಡಿದ್ದನ್ನು ಕಂಡಿದ್ದ ಹಿರಿಯಳ ಒಪ್ಪಿಗೆ, ಸಂಪ್ರದಾಯಸ್ಥ ಬ್ರಾಹ್ಮಣರಾದ ದಿವಾನರ ಸಮ್ಮತಿ, ಇವೆರಡೂ ಇಲ್ಲದೆ ಎಳೆಯ ರಾಣಿಯ ತೋಳನ್ನು ಪರದೇಶದ ವೈದ್ಯ ಮುಟ್ಟುವುದು ಸಾಧ್ಯವಿರಲಿಲ್ಲ. ಇಪ್ಪತ್ತು ವರ್ಷ ಎದುರುಬದುರು ಪಕ್ಷಗಳಲ್ಲಿದ್ದ ಇಬ್ಬರು ಒಂದು ಮಗುವಿನ ಆರೋಗ್ಯದ ವಿಷಯದಲ್ಲಿ ಒಂದೇ ಕಡೆ ನಿಂತರು.

ಅದೇ ಜುಲೈ ತಿಂಗಳಲ್ಲಿ ಮೈಸೂರಿನಿಂದ ಪೂರ್ವಕ್ಕೆ, ಘಟ್ಟದ ಕೆಳಗೆ, ಬೇರೊಂದು ಘಟನೆ ನಡೆಯಿತು. ಟಿಪ್ಪುವಿನ ಮಕ್ಕಳನ್ನು ಕುಂಪಣಿ ವೆಲ್ಲೂರಿನ ಕೋಟೆಯಲ್ಲಿ ಇರಿಸಿತ್ತು. ಅಲ್ಲಿಯ ಸಿಪಾಯಿಗಳಿಗೆ ಹೊಸ ಬಗೆಯ ಟೊಪ್ಪಿಗೆಯನ್ನು ಕಡ್ಡಾಯ ಮಾಡಿ, ಹಣೆಯ ನಾಮ ವಿಭೂತಿಗಳನ್ನೂ ಕಿವಿಯ ಒಂಟಿಗಳನ್ನೂ ತೆಗೆಯಬೇಕೆಂದು, ಗಡ್ಡವನ್ನು ಗೊತ್ತುಮಾಡಿದ ರೀತಿಯಲ್ಲಿ ಕತ್ತರಿಸಬೇಕೆಂದು ಮದರಾಸಿನ ಸೇನಾಧಿಪತ್ಯ ಆಜ್ಞೆ ಮಾಡಿತ್ತು. ಬೇಡವೆಂದವರಿಗೆ ಶಿಕ್ಷೆಯಾಯಿತು. ಇದು ತಮ್ಮ ಧರ್ಮವನ್ನು ಕೆಡಿಸುವ ಸಂಚೆಂದು ಹಿಂದೂಗಳೂ ಮುಸಲ್ಮಾನರೂ ಒಟ್ಟಾಗಿ ನಂಬಿದರು. 1806ರ ಜುಲೈ 10ರ ಬೆಳಗಿನ ಜಾವ ದಂಗೆ ಎದ್ದಿತು. ಕೋಟೆಯ ಮೇಲೆ ಸುಲ್ತಾನನ ಬಾವುಟ ಏರಿತು. ನೂರಕ್ಕೂ ಹೆಚ್ಚು ಇಂಗ್ಲಿಷ್ ಸೋಲ್ಜರರು ಸತ್ತರು. ಆರ್ಕಾಟಿನಿಂದ ಕುದುರೆಯ ದಂಡು ಬಂದು ಅದಕ್ಕೂ ಎಷ್ಟೋ ಪಾಲು ಹೆಚ್ಚು ಸಿಪಾಯಿಗಳನ್ನು ಕೊಂದಿತು. ಗವರ್ನರ್ ಬೆಂಟಿಂಕನೂ ಸೇನಾಪತಿ ಕ್ರ್ಯಾಡಕನೂ ಕೆಲಸ ಕಳೆದುಕೊಂಡು ಸ್ವದೇಶಕ್ಕೆ ಹಿಂತಿರುಗಬೇಕಾಯಿತು.

ಈ ಎರಡು ಘಟನೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಟೊಪ್ಪಿಗೆ ತಲೆಯ ಮೇಲೆ ಇರುವ ವಸ್ತು, ಬೇಡವಾದಾಗ ತೆಗೆದಿಡಬಹುದು. ದಾಕು ಚರ್ಮವನ್ನು ಕೊರೆದು ರಕ್ತಕ್ಕೆ ಸೇರುವಂಥದು; ಒಮ್ಮೆ ಸೇರಿದ್ದನ್ನು ಹಿಂದಕ್ಕೆ ತೆಗೆಯಲಾಗದು. ಧರ್ಮದ ಭಯ, ಮೈಲಿಗೆಯ ಭಯ ಯಾವುದರಲ್ಲಿ ಹೆಚ್ಚಿರಬೇಕಾಗಿತ್ತು? ಆದರೂ ಟೊಪ್ಪಿಗೆಗಾಗಿ ಒಂದೇ ದಿನದಲ್ಲಿ ನೂರಾರು ಹೆಣಗಳು ಬಿದ್ದವು. ದಾಕಿಗೆ ಮೈಸೂರಿನಲ್ಲಿ ಜನ ತೋಳೊಡ್ಡಿದರು. ವ್ಯತ್ಯಾಸ ವಸ್ತುವಿನಲ್ಲಿರಲಿಲ್ಲ, ಅದು ಬಂದ ದಾರಿಯಲ್ಲಿತ್ತು. ಒಂದನ್ನು ಮೇಲಿದ್ದವರು ತಾವು ಧರಿಸದೆ ಕೆಳಗಿನವರ ತಲೆಗೆ ಹೇರಿದರು. ಇನ್ನೊಂದನ್ನು ಎಲ್ಲರಿಗಿಂತ ಮೇಲಿದ್ದ ಮನೆ ಮೊದಲು ತನ್ನ ಮೈಮೇಲೆ ತೆಗೆದುಕೊಂಡಿತು. ಅಪಾಯವೇನಾದರೂ ಇದ್ದರೆ ಅದು ಮೊದಲು ತಟ್ಟುವುದು ತಮಗೇ ಎಂದು ಒಪ್ಪಿಕೊಂಡವರ ಮಾತಿಗೆ ಒಡೆದ ನಾಡಿನಲ್ಲಿಯೂ ಕಿವಿಗೊಡುವವರಿರುತ್ತಾರೆ.

ಇದರ ಒಂದು ಕುರುಹು ಚಿತ್ರರೂಪದಲ್ಲಿ ಉಳಿದಿದೆ. ಥಾಮಸ್ ಹಿಕ್ಕಿ ಎಂಬ ಚಿತ್ರಕಾರ 1805ರ ಸುಮಾರಿನಲ್ಲಿ ಮೂವರು ಸ್ತ್ರೀಯರನ್ನು ಬರೆದ ತೈಲಚಿತ್ರವೊಂದಿದೆ. ಬಹುಕಾಲ ಅದನ್ನು ನರ್ತಕಿಯರ ಚಿತ್ರವೆಂದೇ ತಿಳಿಯಲಾಗಿತ್ತು. ಅದು ಮೈಸೂರಿನ ರಾಣಿಯರ ಚಿತ್ರವೆಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ 2001ರಲ್ಲಿ ವಾದಿಸಿದರು. ಬಲಗಡೆಯ ತರುಣಿ ಸೆರಗನ್ನು ಸರಿಸಿ ಎಡತೋಳಿನ ಒಂದು ಜಾಗವನ್ನು ಬೆರಳಿನಿಂದ ತೋರುತ್ತಿದ್ದಾಳೆ. ಅದು ದಾಕು ಹಾಕಿದ ಜಾಗವೆಂದೂ ಅವಳೇ ಕಿರಿಯ ದೇವಾಜಮ್ಮಣ್ಣಿಯೆಂದೂ ಅವರ ಮತ. ಎಡಗಡೆಯವಳ ಮೂಗು ಬಾಯಿಗಳ ಸುತ್ತಿನ ಬಣ್ಣದ ಬದಲಾವಣೆ ಸಿಡುಬಿನ ಪುಡಿಯನ್ನೇ ಮೂಗಿಗೆ ಏರಿಸುವ ಹಳೆಯ ಚಿಕಿತ್ಸೆಯ ಗುರುತು. ನಡುವೆ ನಿಂತವರು ಪ್ರಾಯಶಃ ಲಕ್ಷ್ಮಮ್ಮಣ್ಣಿಯವರು. ಈ ಓದು ಸರಿಯಾದರೆ, ಅಂತಃಪುರದ ಸ್ತ್ರೀಯರು ಹೊರಗಿನವರ ಕಣ್ಣಿಗೆ ಬೀಳದ ಕಾಲದಲ್ಲಿ ಮೈಸೂರಿನ ರಾಣಿಯೊಬ್ಬಳು ಲೋಕಹಿತಕ್ಕಾಗಿ ತನ್ನ ತೋಳನ್ನು ತೋರಿಸಿ ನಿಂತಳು.

ಇಷ್ಟಾದರೂ ಈ ಪ್ರಸಂಗವನ್ನು ಬರಿಯ ಮಂಗಳಕಥೆಯಾಗಿ ಮಾಡುವುದು ಸರಿಯಲ್ಲ. ಆ ಹನ್ನೆರಡರ ಹುಡುಗಿಯ ಅಭಿಪ್ರಾಯವನ್ನು ಯಾರಾದರೂ ಕೇಳಿದರೆ? ಮುಂಬಯಿಯಿಂದ ಮೈಸೂರಿನವರೆಗೆ ತೋಳಿನಿಂದ ತೋಳಿಗೆ ರಸವನ್ನು ಸಾಗಿಸಿದ ಮಕ್ಕಳಲ್ಲಿ ಒಬ್ಬಿಬ್ಬರ ಹೊರತು ಉಳಿದವರ ಹೆಸರನ್ನು ಯಾರೂ ನೆನೆಯುವುದಿಲ್ಲ. ತುಂಬಿದ ಗುಳ್ಳೆಯನ್ನು ಮತ್ತೆ ಬಿಚ್ಚಿ ರಸ ತೆಗೆಯುವಾಗಿನ ನೋವು ಅವರದು; ಕೀರ್ತಿ ಬೇರೆಯವರದು. ಕುಂಪಣಿಯೂ ಇದನ್ನು ತನ್ನ ದಯಾಪರತೆಯ ಪ್ರಮಾಣವೆಂದು ಹೇಳಿಕೊಳ್ಳಲು ತಡಮಾಡಲಿಲ್ಲ. ಗೆದ್ದವರ 'ಉಪಕಾರ'ವನ್ನು ಸೋತವರು ಶಂಕೆಯಿಂದ ನೋಡುವುದು ಮನುಷ್ಯಸ್ವಭಾವ. ಮುಂದೆ ಇಂಗ್ಲೆಂಡಿನಲ್ಲಿಯೇ 1853ರಲ್ಲಿ ದಾಕನ್ನು ಕಾನೂನಿನಿಂದ ಕಡ್ಡಾಯ ಮಾಡಿ, ತಪ್ಪಿದ ಬಡವರಿಗೆ ದಂಡ ಹಾಕತೊಡಗಿದಾಗ ಜನ ಪಕ್ಷ ಕಟ್ಟಿಕೊಂಡು ಎದುರು ನಿಂತರು. 1885ರಲ್ಲಿ ಲೆಸ್ಟರ್ ನಗರದಲ್ಲಿ ದೊಡ್ಡ ಮೆರವಣಿಗೆ ನಡೆಯಿತು. 1898ರಲ್ಲಿ ಅಲ್ಲಿಯ ಸರ್ಕಾರ ಆತ್ಮಸಾಕ್ಷಿಗೆ ಒಪ್ಪದವರನ್ನು ಬಿಟ್ಟುಬಿಡುವ ನಿಯಮ ಮಾಡಬೇಕಾಯಿತು. ನಮ್ಮಲ್ಲಿ ಗಾಂಧೀಜಿಯವರೂ ತಮ್ಮ ಆರೋಗ್ಯದ ಬರೆಹಗಳಲ್ಲಿ ದಾಕನ್ನು ವಿರೋಧಿಸಿದ್ದುಂಟು. ಅವರ ಮಾತನ್ನು ವಿಜ್ಞಾನ ಒಪ್ಪುವುದಿಲ್ಲ. ಆದರೆ ವಿರೋಧಿಸಿದವರೆಲ್ಲ ಕೆಡುಕರಲ್ಲವೆಂಬುದನ್ನು ಒಪ್ಪದ ಸರ್ಕಾರ ಜನರ ಮನಸ್ಸನ್ನು ಗೆಲ್ಲಲಾರದು.

ಪೂರ್ಣಯ್ಯನವರ ಸೇವೆಗೆ ಪ್ರತಿಫಲವಾಗಿ 1807ರ ಡಿಸೆಂಬರಿನಲ್ಲಿ ಯಳಂದೂರು ಜಹಗೀರು ಅವರ ವಂಶಕ್ಕೆ ದೊರೆಯಿತು. ಹುಟ್ಟಿದ ಸೀಮೆ ಪರರದಾಗಿದ್ದ ಮನುಷ್ಯನಿಗೆ, ಆ ಸೀಮೆಯ ಅಂಚಿನಲ್ಲಿಯೇ ಒಂದು ನೆಲೆ ಸಿಕ್ಕಂತಾಯಿತು. ಆದರೆ ಅವರ ಕೊನೆಯ ದಿನಗಳು ನೆಮ್ಮದಿಯವಾಗಿರಲಿಲ್ಲ. 1810ರಲ್ಲಿ ಲಕ್ಷ್ಮಮ್ಮಣ್ಣಿಯವರು ತೀರಿಕೊಂಡರು. ದೊರೆ ಪ್ರಾಯಕ್ಕೆ ಬಂದಿದ್ದರು. ಅವರ ಸುತ್ತ ಹೊಸಬರ ಗುಂಪು ಬೆಳೆದಿತ್ತು. ಹನ್ನೆರಡು ವರ್ಷ ಅಧಿಕಾರವನ್ನು ಹಿಡಿದ ಕೈ ಅದನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಅರಮನೆ ಮತ್ತೆ ಎರಡು ಪಕ್ಷವಾಯಿತು. ಒಡಕನ್ನು ಹೊಲಿಯಲು ಬಲ್ಲವರೇ ಈ ಸಲ ಒಡಕಿಗೆ ಕಾರಣರಾದರೆಂದರೆ ತಪ್ಪಾಗಲಾರದು. ರೆಸಿಡೆಂಟರ ಮಧ್ಯಸ್ಥಿಕೆಯಿಂದ 1811ರ ಕೊನೆಗೆ ಅವರು ದಿವಾನಗಿರಿಯನ್ನು ಬಿಟ್ಟು ಶ್ರೀರಂಗಪಟ್ಟಣಕ್ಕೆ ಹೋದರು. ಬೊಕ್ಕಸದಲ್ಲಿ ಎರಡು ಕೋಟಿ ರೂಪಾಯಿಗಳಿಗೂ ಮೀರಿದ ಹಣವನ್ನು ಉಳಿಸಿ ಹೋದರೆಂದು ಇತಿಹಾಸಕಾರರು ಬರೆಯುತ್ತಾರೆ. 1812ರ ಮಾರ್ಚಿನಲ್ಲಿ ಅಲ್ಲಿಯೇ ಕಣ್ಣು ಮುಚ್ಚಿದರು.

ಅವರು ಉಳಿಸಿದ ಹಣ ಇಪ್ಪತ್ತು ವರ್ಷ ತುಂಬುವುದರೊಳಗೆ ಕರಗಿತು. 1831ರಲ್ಲಿ ಕುಂಪಣಿ ರಾಜ್ಯದ ಆಡಳಿತವನ್ನೇ ತೆಗೆದುಕೊಂಡಿತು. ಅವರು ಬೆಳೆಸಿದ ವಿಶ್ವಾಸವೂ ತಾನಾಗಿ ಉಳಿಯುವಂಥದಾಗಿರಲಿಲ್ಲ. 1898ರಲ್ಲಿ ಪ್ಲೇಗು ಮೈಸೂರು ಸೀಮೆಗೆ ಬಂದಾಗ ಸರ್ಕಾರದ ಕಟ್ಟುಪಾಡುಗಳ ವಿರುದ್ಧ ಜನ ರೊಚ್ಚಿಗೆದ್ದು ಗಲಭೆ ಮಾಡಿದರು. ಅದು ನಡೆದದ್ದು ಶ್ರೀರಂಗಪಟ್ಟಣದ ಗಂಜಾಮಿನಲ್ಲಿ, ಪೂರ್ಣಯ್ಯನವರು ಕೊನೆಯುಸಿರೆಳೆದ ಅದೇ ದ್ವೀಪದಲ್ಲಿ. ರೋಗಿಗಳನ್ನು ಮನೆಯವರಿಂದ ಬೇರ್ಪಡಿಸುವುದು, ಮನೆಗಳನ್ನು ತೆರವು ಮಾಡಿಸುವುದು ವೈದ್ಯಶಾಸ್ತ್ರದ ದೃಷ್ಟಿಯಿಂದ ಸರಿಯಿದ್ದಿರಬಹುದು. ಆದರೆ ಅದನ್ನು ಹೇಳಲು ಬಂದವರಲ್ಲಿ ಜನರಿಗೆ ತಮ್ಮವರು ಕಾಣಲಿಲ್ಲ. ಈ ಸಂಕಟದ ವರ್ಷಗಳಲ್ಲಿಯೇ, 1901ರಲ್ಲಿ, ಪೂರ್ಣಯ್ಯನವರ ವಂಶಸ್ಥರಾದ ಯಳಂದೂರು ಜಹಗೀರುದಾರ ಪಿ. ಎನ್. ಕೃಷ್ಣಮೂರ್ತಿಯವರು ಮೈಸೂರಿನ ದಿವಾನರಾದರು.

ಸಿಡುಬು ಕೊನೆಗೂ ಅಳಿಯಿತು. 1962ರಲ್ಲಿ ಭಾರತ ಸರ್ಕಾರ ನಿರ್ಮೂಲನದ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. 1975ರ ಮೇ ತಿಂಗಳಲ್ಲಿ ದೇಶದ ಕೊನೆಯ ರೋಗಿ ಕಾಣಿಸಿಕೊಂಡರು. 1980ರಲ್ಲಿ ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಅಮೆರಿಕವೂ ಸೋವಿಯತ್ ಒಕ್ಕೂಟವೂ ಪರಸ್ಪರ ಹಗೆ ಸಾಧಿಸುತ್ತಿದ್ದ ಕಾಲದಲ್ಲಿಯೇ ಈ ಒಂದು ಕೆಲಸಕ್ಕೆ ಎರಡೂ ಕೈಗೂಡಿಸಿದವೆಂಬುದನ್ನು ಮರೆಯಬಾರದು. ಅದಕ್ಕೆ ವಿರುದ್ಧವಾದ ನೋಟವನ್ನೂ ನಾವು ಕಂಡಿದ್ದೇವೆ. 2021ರಲ್ಲಿ ಕೊರೊನಾ ಲಸಿಕೆ ಬಂದಾಗ, ಅದೇ ಅಮೆರಿಕದಲ್ಲಿ ಮನುಷ್ಯ ಯಾವ ಪಕ್ಷಕ್ಕೆ ಮತ ಹಾಕುವನೆಂಬುದರ ಮೇಲೆ ಅವನು ಲಸಿಕೆ ಹಾಕಿಸಿಕೊಳ್ಳುವನೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ಊಹಿಸಬಹುದಾಗಿತ್ತು. ಔಷಧ ಪಕ್ಷದ ಬಾವುಟವಾದರೆ ಸಾಯುವವರು ಬಾವುಟ ಹಿಡಿದವರು ಮಾತ್ರವಲ್ಲ. ಅವರ ಮನೆಯ ಮುದುಕರು, ಮಕ್ಕಳು.

ಪೂರ್ಣಯ್ಯನವರು ನಿಷ್ಠೆಯ ಆದರ್ಶವೇ ಅಲ್ಲವೇ ಎಂಬ ಪ್ರಶ್ನೆ ಹಾಗೆಯೇ ಉಳಿಯಲಿ. ಎರಡು ಪಕ್ಷಗಳ ಅನ್ನವನ್ನೂ ಉಂಡವರೆಂಬುದು ಅವರ ಮೇಲಿನ ಆರೋಪ. ಆದರೆ ಎರಡು ಕಡೆಯ ಭಯವನ್ನೂ ಒಳಗಿನಿಂದ ಬಲ್ಲ ಮನುಷ್ಯ ಬೇಕಾಗಿದ್ದ ಕಾಲ ಅದು. ಹಗೆಯನ್ನು ಮರೆಯಲಾರದ ಒಬ್ಬ ಹಿರಿಯ ರಾಣಿ, ಹಗೆಯವರ ಕಡೆಯಿಂದ ಬಂದ ಒಬ್ಬ ದಿವಾನ, ಯಾರನ್ನೂ ಕೇಳುವ ಅಧಿಕಾರವಿಲ್ಲದ ಒಬ್ಬ ಬಾಲಿಕೆ, ಈ ಮೂವರಿಂದ ಮೈಸೂರಿನಲ್ಲಿ ಒಂದು ಒಳ್ಳೆಯ ಕೆಲಸ ಮೊದಲಾಯಿತು. ಯಳಂದೂರಿನಲ್ಲಿ ದಿವಾನರ ಹೆಸರು ಇಂದಿಗೂ ಉಳಿದಿದೆ. ತೋಳನ್ನು ತೋರಿದ ಆ ಹುಡುಗಿಯ ಹೆಸರನ್ನೂ ನಮ್ಮ ಮಕ್ಕಳು ಶಾಲೆಯ ಪುಸ್ತಕದಲ್ಲಿ ಓದುವಂತಾದರೆ ದಿವಾನರ ಕೀರ್ತಿಗೆ ಕೊರತೆಯೇನೂ ಆಗಲಾರದು.